ಉಳಿಯ ಬಾಯಿ ಓರೆಯಾದಾಗ

ಸಿಂಚನಾ, ಮನೋಜ, ಹೋದ ಸಲ ಬೇಗೂರಿಗೆ ಬಂದಾಗ ನೀವಿಬ್ಬರೂ ಅಂಗಡಿಯ ಕಟ್ಟೆಯ ಮೇಲೆ ಕೂತು ಸಾಣೆ ಮೆಷಿನ್ನು ತಿರುಗುವುದನ್ನು ನೋಡುತ್ತಾ ಕೇಳಿದಿರಿ: “ಅಜ್ಜಿ, ಒಂದ್ಸಲನಾದ್ರೂ ಇದು ನಿಂಗೆ ಕೈ ಕೊಟ್ಟಿತ್ತಾ?” ಎದುರಿಗೆ ಗಿರಾಕಿಗಳಿದ್ದರು. ನಾನು ತಲೆಯಾಡಿಸಿ ಸುಮ್ಮನಾದೆ. ಹೌದೋ ಅಲ್ಲವೋ ನಿಮಗೆ ತಿಳಿಯಲಿಲ್ಲ. ಹರದನಹಳ್ಳಿಯ ಶಾಲೆಯಲ್ಲಿ ಓದುವಾಗಲೂ ನಾನು ಹೀಗೆಯೇ. ಉತ್ತರ ಗೊತ್ತಿದ್ದರೂ ಎದ್ದು ನಿಂತು ಹೇಳಲು ನಾಚಿಕೆ. ಸ್ಲೇಟಿನ ಮೇಲೆ ಬರೆದು ಮೇಷ್ಟ್ರಿಗೆ ತೋರಿಸುತ್ತಿದ್ದೆ. ಇದನ್ನೂ ಹಾಗೆಯೇ ಬರೆದು ತೋರಿಸುತ್ತಿದ್ದೇನೆ.

ಕೈ ಕೊಟ್ಟಿತ್ತು. ನಿಮ್ಮ ತಾತ ತೀರಿಕೊಂಡ ವರ್ಷ, ದಸರಾ ಮುಗಿದ ಮೇಲೆ.

ಮೊದಲು ಮೆಷಿನ್ನಿನ ವಿಷಯ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ದೋಸೆ ಹೆಂಚಿನಷ್ಟು ಅಗಲದ ಸಾಣೆಕಲ್ಲಿನ ಚಕ್ರ. ಅದು ನೀರಿನ ತೊಟ್ಟಿಯಲ್ಲಿ ಅರ್ಧ ಮುಳುಗಿ, ಮೋಟರಿನ ಬಲದಿಂದ ನಿಧಾನವಾಗಿ ತಿರುಗುತ್ತದೆ. ಚಕ್ರದ ಮುಂದೆ ಅಡ್ಡಕ್ಕೆ ಒಂದು ಉಕ್ಕಿನ ಕಂಬಿ. ಕಂಬಿಯ ಮೇಲೆ ಎಡಕ್ಕೂ ಬಲಕ್ಕೂ ಜಾರುವ ಒಂದು ಕ್ಲಾಂಪು. ಬಡಗಿಗಳು ತಂದ ಉಳಿಯನ್ನೋ, ಮರ ನಯ ಮಾಡುವ ತೋಪಡದ ಬ್ಲೇಡನ್ನೋ ಕ್ಲಾಂಪಿನೊಳಗಿಟ್ಟು ಎರಡು ತಿರುಪು ಬಿಗಿದು, ಜಾರಿಸುತ್ತಾ ಕಲ್ಲಿಗೆ ಒಡ್ಡಬೇಕು. ಕ್ಲಾಂಪಿನ ಬಲಗಡೆ ಅಕ್ಕಿಕಾಳಿನಷ್ಟು ಎತ್ತರದ ಒಂದು ಏಣು, ಅಂದರೆ ಉದ್ದಕ್ಕೂ ಉಬ್ಬಿದ ಅಂಚು, ಇದೆ. ಉಳಿಯ ಪಕ್ಕ ಆ ಏಣಿಗೆ ಪೂರ್ತಿ ಒತ್ತಿಕೊಂಡು ನಿಂತರೆ ಕಡಿಯುವ ಬಾಯಿ ನೆಟ್ಟಗೆ ಬರುತ್ತದೆ. ನೆಟ್ಟಗೆ ಬಂದಿದೆಯೇ ಎಂದು ನೋಡುವುದು ಮೂಲೆಮಟ್ಟದಿಂದ. ಎರಡು ಪಟ್ಟಿಗಳನ್ನು ಸರಿಮೂಲೆಗೆ ಸೇರಿಸಿದ ಆ ಸಾಮಾನನ್ನು ಉಳಿಗೆ ಒತ್ತಿ ಹಿಡಿದು ಬೆಳಕಿನ ಕಡೆ ನೋಡಬೇಕು. ಬಾಯಿಗೂ ಪಟ್ಟಿಗೂ ನಡುವೆ ಬೆಳಕು ಕಾಣದಿದ್ದರೆ ಕೆಲಸ ಸರಿ.

ತಾತನಿಗೆ ಬೆನ್ನು ನೋವು ಬಂದ ಮೇಲೆ ಮೆಷಿನ್ನಿನ ಮುಂದೆ ಕೂರುತ್ತಿದ್ದವಳು ನಾನೇ. ಅವರು ಪಕ್ಕದ ಕುರ್ಚಿಯಲ್ಲಿ ಕೂತು ಬಂದವರನ್ನು ಮಾತಾಡಿಸುತ್ತಿದ್ದರು. ಮಾತು ಅವರದು, ಕೈ ನನ್ನದು. ಅವರು ಹೋದ ಮೇಲೆ ಬಡಗಿಗಳು ಸಾಮಾನು ತರುವುದನ್ನು ಬಿಡಲಿಲ್ಲ. ಆದರೆ ಕಟ್ಟೆಯ ಮೇಲೆ ಇಟ್ಟು, ಖಾಲಿ ಕುರ್ಚಿಯನ್ನು ಒಮ್ಮೆ ನೋಡಿ ಹೋಗುತ್ತಿದ್ದರು.

ಆ ವರ್ಷದ ಆಯುಧಪೂಜೆಗೆ ನಾನು ಅಂಗಡಿಯ ಹೊರಗೆ ನಿಂತೆ. ಯಾರೂ ನಿಲ್ಲೆಂದು ಹೇಳಲಿಲ್ಲ, ನಾನೇ ನಿಂತೆ. ಪೂಜೆ ಮಾಡಿದವಳು ನಿಮ್ಮ ಚಿಕ್ಕಜ್ಜಿ, ಅಂದರೆ ನನ್ನ ಓರಗಿತ್ತಿ. ಅವಳ ಕೆಲಸವೆಂದರೆ ಅಚ್ಚುಕಟ್ಟು. ಮನೆಯ ಹೊಲದ ಅರಿಶಿನವನ್ನೇ ಕುಟ್ಟಿ, ಕೆಳಗೆ ಅದು, ಅದರ ಮೇಲೆ ಕುಂಕುಮ ಬರುವಂತೆ, ಮೋಟರು, ತೊಟ್ಟಿ, ಕಂಬಿ, ಕ್ಲಾಂಪು, ತಿರುಪು, ಒಂದನ್ನೂ ಬಿಡದೆ ಬೊಟ್ಟಿಟ್ಟಳು. ಚೆಂಡುಹೂವಿನ ಸರ ಹಾಕಿ ಹೊರಗೆ ಬಂದು, “ಒಂದು ಸಂದೂ ಬುಡ್ನಿಲ್ಲ ಅಕ್ಕ. ನೀರ್ನಾಗೆ ತೊಳ್ದೋಗ್ಬಾರ್ದು ಅಂತ ಹರಳೆಣ್ಣೇಲಿ ಕಲ್ಸಿವ್ನಿ” ಎಂದಳು. ಅಷ್ಟು ಪ್ರೀತಿಯಿಂದ ಮಾಡಿದ್ದಳು.

ವಿಜಯದಶಮಿ ಕಳೆದು ಮೆಷಿನ್ನು ಶುರು ಮಾಡಿದ ಮೇಲೆ ಮೊದಲು ವಾಪಸ್ ಬಂದದ್ದು ಮೇಸ್ತ್ರಿಯ ತೋಪಡದ ಬ್ಲೇಡು. ಮೇಸ್ತ್ರಿ ಎಂದರೆ ಬೇಗೂರಿನ ಬಡಗಿಗಳಲ್ಲೆಲ್ಲ ಹಿರಿಯರು. ಅವರು ಎಲ್ಲಿ ಸಾಣೆ ಹಿಡಿಸುತ್ತಾರೋ ಉಳಿದವರೂ ಅಲ್ಲಿಗೇ. ಬ್ಲೇಡನ್ನು ನನ್ನ ಮುಂದಿಟ್ಟು ಹೇಳಿದರು:

“ನೋಡವ್ವ, ಇದ್ರ ಒಂದು ಮೂಲೆ ನಂಜನಗೂಡು ನೋಡ್ತದೆ, ಇನ್ನೊಂದು ಗುಂಡ್ಲುಪೇಟೆ ನೋಡ್ತದೆ. ನಾನು ನಡುವೆ ಬೇಗೂರಲ್ಲಿ ನಿಂತ್ಕಂಡು ಹಲಗೆ ಎಂಗೆ ನಯ ಮಾಡ್ಲಿ?”

ಪಕ್ಕದಲ್ಲಿದ್ದವರು ನಕ್ಕರು. ಮೂಲೆಮಟ್ಟ ಇಟ್ಟು ನೋಡಿದೆ. ಎಡಗಡೆ ಬೆಳಕು. ಎಡಮೂಲೆ ಹೆಚ್ಚು ಸವೆದು, ಬಲಮೂಲೆ ಮುಂದಕ್ಕೆ ಚಾಚಿತ್ತು. ಮತ್ತೆ ಸಾಣೆ ಹಿಡಿದು ಕೊಟ್ಟೆ. ಈ ಸಲ ಬಲಗೈಯಿಂದ ಹೆಚ್ಚು ಒತ್ತಿದೆ. ಬಾಯಿ ಸುಮಾರು ನೇರವಾಯಿತು. ಆದರೆ ಬಾಯಿಯ ಹಿಂದೆ ಸಾಣೆ ಹಿಡಿದ ಇಳಿಜಾರು ಒಂದು ಕಡೆ ಅಗಲ, ಇನ್ನೊಂದು ಕಡೆ ಕಿರಿದು. ಅದು ರಿಪೇರಿಯಲ್ಲ, ಮುಚ್ಚಿಡುವುದು. ನನಗೂ ಗೊತ್ತಿತ್ತು, ಮೇಸ್ತ್ರಿಗೂ ಗೊತ್ತಿತ್ತು.

ಆ ವಾರ ಇನ್ನೂ ಕೆಲವು ವಾಪಸ್ ಬಂದವು. ಮೇಸ್ತ್ರಿ ತಮ್ಮ ತಂದೆಯ ಕಾಲದ ಅಗಲ ಉಳಿಯನ್ನೂ ತಂದರು. ಕುಲುಮೆಯಲ್ಲಿ ಬಡಿದು ಮಾಡಿದ ಉಳಿ ಅದು. ಮೈಯೆಲ್ಲ ಮೆದು ಕಬ್ಬಿಣ, ಬಾಯಿಯ ಕಡೆ ಮಾತ್ರ ಗಟ್ಟಿ ಉಕ್ಕು ಬೆಸೆದಿರುತ್ತದೆ. ಆ ಉಕ್ಕು ಇರುವವರೆಗೆ ಅದು ಉಳಿ, ಮುಗಿದ ಮೇಲೆ ಬರೀ ಕಬ್ಬಿಣದ ಪಟ್ಟಿ. ನಾನು ಹಿಡಿದೆ, ಓರೆ ಬಂತು. ಸರಿಪಡಿಸಲು ಮತ್ತೆ ಹಿಡಿದೆ, ಮತ್ತೆ ಓರೆ. ಸಾಣೆಯಲ್ಲಿ ಹೋದ ಉಕ್ಕು ತಿರುಗಿ ಬರುವುದಿಲ್ಲ. ತೊಟ್ಟಿಯ ತಳದಲ್ಲಿ ಬೂದು ಕೆಸರಾಗಿ ಕೂರುತ್ತದೆ ಅಷ್ಟೆ. ಎಡಮೂಲೆಯಲ್ಲಿ ಉಕ್ಕು ಉಗುರಿನ ಅಂಚಿನಷ್ಟು ಉಳಿದಾಗ ನಾನು ಮೆಷಿನ್ನು ನಿಲ್ಲಿಸಿದೆ.

ಮೇಸ್ತ್ರಿ ಉಳಿಯನ್ನು ತಿರುಗಿಸಿ ನೋಡಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

“ಗೋಪಾಲಸ್ವಾಮಿ ಬೆಟ್ಟದ ದಾರೀಲಿ ಒಂದು ಮನೆ ಕೆಲ್ಸ ಒಪ್ಕಂಡಿವ್ನಿ ಕಣವ್ವ. ಶುಕ್ರವಾರ ವಾಸಕಾಲು ನಿಲ್ಲುಸ್ಬೇಕು. ಬಾಗ್ಲ ಚೌಕಟ್ಟಿನ ಮೂಲೆ ಕಡಿಯೋಕೆ ನಂಗೆ ಈ ಉಳೀನೇ ಕೈಗೊಗ್ಗಿರೋದು. ಬುಧವಾರ ಬೆಳಿಗ್ಗೆ ಬತ್ತೀನಿ. ಒಂದೇ ಸಲ ಹಿಡಿ. ಸರಿ ಬರ್ನಿಲ್ಲ ಅಂದ್ರೆ ಇನ್ಮೇಲೆ ಎಲ್ಲಾನೂ ನಂಜನಗೂಡಿಗೇ ಕಳುಸ್ಬುಡ್ತೀನಿ. ಬೇಜಾರು ಮಾಡ್ಕಬ್ಯಾಡ.”

ಅವತ್ತು ಸಂಜೆ ನಿಮ್ಮ ಚಿಕ್ಕತಾತ, ನನ್ನ ಮೈದುನ, ಹೊಲದಿಂದ ಬಂದವನು ಚಪ್ಪಲಿ ಬಿಡದೆ ಬಾಗಿಲಲ್ಲೇ ನಿಂತ.

“ಅತ್ಗೆ, ಸಂತೇಲಿ ಎಲ್ರೂ ಅದೇ ಮಾತಾಡ್ತವ್ರೆ. ಅಣ್ಣ ಇದ್ದಾಗ ಈ ಮೆಷಿನ್ಗೆ ಒಂದು ಹೆಸ್ರು ಇತ್ತು. ಈಗ ಆ ಹೆಸ್ರು ಕೆಡ್ತಾ ಅದೆ. ಮಾರ್ಬುಡನ. ನಂಜನಗೂಡಿನಿಂದ ಒಬ್ರು ಗುರುವಾರ ನೋಡಾಕೆ ಬತ್ತೀನಿ ಅಂದವ್ರೆ.”

“ಬುಧವಾರ ಮೇಸ್ತ್ರಿ ಉಳಿ ಅದೆ” ಎಂದೆ.

“ಆಗ್ಲಿ. ಅದೊಂದು ನೆಟ್ಟಗೆ ಬಂದ್ರೆ ನಾನ್ ಬಾಯಿ ಬುಡಾಕಿಲ್ಲ. ಓರೆ ಬಂದ್ರೆ ನೀವೂ ಬ್ಯಾಡ ಅನ್ಬಾರ್ದು.”

ಸರಿ ಎಂದು ತಲೆಯಾಡಿಸಿದೆ. ಅವನು ಕೆಟ್ಟವನಲ್ಲ. ಮನೆಯೊಳಗೆ ಕೂತು ಉಣ್ಣಿ ಅತ್ತಿಗೆ ಎನ್ನುವ ಮನುಷ್ಯ. ಆದರೆ ಮನೆಯೊಳಗೆ ಕೂತರೆ ನಾನು ಯಾರು? ಈ ಮೆಷಿನ್ನಿನ ಮುಂದೆ ಕೂತಾಗ ಮಾತ್ರ ನಾನು ಯಾರ ಮುಖವನ್ನೂ ನೋಡದೆ, ಯಾರ ಮಾತಿಗೂ ಕಾಯದೆ ಇರಬಲ್ಲವಳಾಗಿದ್ದೆ. ಆ ಜಾಗ ಹೋದರೆ ಇನ್ನೊಂದು ಜಾಗ ನನಗೆ ಇರಲಿಲ್ಲ.

ಮರುದಿನ ಬೆಳಿಗ್ಗೆ ಒಂದೊಂದಾಗಿ ಹುಡುಕಲು ಕೂತೆ. ನನ್ನ ಕೈಯದೇ ತಪ್ಪಾಗಿದ್ದರೆ ಬಾಯಿ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಓರೆಯಾಗಬೇಕಿತ್ತು. ಎಲ್ಲವೂ ಒಂದೇ ಕಡೆಗೆ ಓರೆ. ಹಾಗಾದರೆ ತಪ್ಪು ಕೈಯಲ್ಲಿಲ್ಲ, ಸಾಮಾನಿನಲ್ಲಿದೆ. ಇಷ್ಟು ಯೋಚನೆ ಬಂದದ್ದೇ ಸ್ವಲ್ಪ ಉಸಿರಾಡುವ ಹಾಗಾಯಿತು.

ಮೊದಲು ಮೂಲೆಮಟ್ಟವನ್ನೇ ಅನುಮಾನಿಸಿದೆ. ನಯವಾದ ಹಲಗೆಯ ಅಂಚಿಗೆ ಅದನ್ನು ಒತ್ತಿ ಒಂದು ಗೆರೆ ಎಳೆದೆ. ಮಗುಚಿ ಹಾಕಿ ಅದೇ ಜಾಗದಲ್ಲಿ ಇನ್ನೊಂದು ಎಳೆದೆ. ಮೂಲೆ ತಪ್ಪಿದ್ದರೆ ಎರಡು ಗೆರೆಗಳು ಕತ್ತರಿಯ ಹಾಗೆ ಅಗಲುತ್ತವೆ. ಅಗಲಲಿಲ್ಲ. ಒಂದರ ಮೇಲೊಂದು ಕೂತವು.

ಆಮೇಲೆ ಸಾಣೆಕಲ್ಲು. ಬಹಳ ದಿನ ಉಜ್ಜಿದರೆ ಕಲ್ಲಿನ ಮುಖ ಒಂದು ಕಡೆ ತಗ್ಗಾಗುವುದುಂಟು. ವಜ್ರದ ತುದಿಯ ಒಂದು ಕಡ್ಡಿ ಇದೆ, ಅದನ್ನು ಕಂಬಿಗೆ ಆನಿಸಿ ಈ ತುದಿಯಿಂದ ಆ ತುದಿಗೆ ನಿಧಾನವಾಗಿ ಎಳೆದರೆ ಕಲ್ಲಿನ ಮುಖ ಕಂಬಿಗೆ ಸಮವಾಗಿ ಕೆತ್ತಿಕೊಳ್ಳುತ್ತದೆ. ಎಳೆದೆ. ಕಲ್ಲು ಹಾಲಿನಂಥ ನೀರು ಬಿಟ್ಟಿತು. ಕಲ್ಲಿಗೆ ಸೀಸದಕಡ್ಡಿಯಿಂದ ಅಡ್ಡ ಗೆರೆ ಹಾಕಿ ಮತ್ತೆ ಎಳೆದಾಗ ಗೆರೆ ಎಲ್ಲ ಕಡೆಯೂ ಒಂದೇ ಸಲ ಅಳಿಯಿತು. ಕಲ್ಲು ಸಮ. ಒಂದು ಹಳೆಯ ಬ್ಲೇಡು ಹಿಡಿದು ನೋಡಿದೆ. ಎಡಗಡೆ ಬೆಳಕು.

ಕುಲುಮೆಯ ಕೆಲವು ಉಳಿಗಳ ಪಕ್ಕಗಳು ಸಮವಾಗಿರುವುದಿಲ್ಲ, ಹಿಡಿಯ ಕಡೆ ಕಿರಿದಾಗುತ್ತವೆ. ಅದರಿಂದ ಮೋಸವಾಗುತ್ತಿದೆಯೇ ಎಂದು ಅಂಗಡಿಯಲ್ಲಿದ್ದ ಹೊಸ ಕಂಪನಿ ಉಳಿಯೊಂದನ್ನು ಹಿಡಿದೆ. ಅದರ ಪಕ್ಕಗಳು ರೂಲು ದೊಣ್ಣೆಯಷ್ಟು ನೇರ. ಅದೂ ಎಡಗಡೆ ಸವೆಯಿತು.

ಉಳಿದದ್ದು ಕಂಬಿ ಮತ್ತು ಕ್ಲಾಂಪು. ಕಂಬಿ ಬಾಗಿರಬೇಕು ಎಂದು ನನ್ನ ಮನಸ್ಸು ಆಗಲೇ ತೀರ್ಮಾನಿಸಿತ್ತು. ಬೆಂಡಾದ ಕಂಬಿಯ ಮೇಲೆ ಯಾವ ಕ್ಲಾಂಪು ತಾನೇ ನೇರ ಜಾರೀತು? ಮಂಗಳವಾರ ಅದನ್ನು ಬಿಚ್ಚಿ ಟವೆಲಿನಲ್ಲಿ ಸುತ್ತಿ ಚಾಮರಾಜನಗರಕ್ಕೆ ಹೊರಟೆ. ಅಲ್ಲಿ ಲೇತ್ ಕೆಲಸದವರೊಬ್ಬರು ತಾತನಿಗೆ ಪರಿಚಯ. ಕ್ಲಾಂಪನ್ನೂ ಒಯ್ಯೋಣವೆಂದು ಕೈಗೆತ್ತಿಕೊಂಡೆ. ಅದರ ಮೇಲಿನ ಕುಂಕುಮದ ಬೊಟ್ಟು ಇನ್ನೂ ಕೆಂಪಗೆ ಇತ್ತು. ಪೂಜೆಯ ಕುಂಕುಮವಿರುವುದನ್ನು ಜನ ತುಳಿದಾಡುವ ಬಸ್ಸಿನೊಳಗೆ, ಚೀಲದ ಜೊತೆ ಕೆಳಗಿಟ್ಟು ಒಯ್ಯುವುದು ಹೇಗೆ? ವಾಪಸ್ ಗೂಡಿನಲ್ಲಿಟ್ಟೆ. ಕಂಬಿಯ ಮೇಲೂ ಬೊಟ್ಟಿತ್ತಲ್ಲ ಎಂದು ನೀವು ಕೇಳಬಹುದು. ಕ್ಲಾಂಪು ಜಾರಿ ಜಾರಿ ಅದು ಎಂದೋ ಉಜ್ಜಿಹೋಗಿತ್ತು. ಹೀಗೆ ನೋಡಬೇಕಾದದ್ದನ್ನು ಮನೆಯಲ್ಲಿಟ್ಟು, ನೋಡಬೇಕಿಲ್ಲದ್ದನ್ನು ಮಡಿಲಲ್ಲಿಟ್ಟುಕೊಂಡು ಊರಾಚೆ ಹೋದೆ.

ಗುಂಡ್ಲುಪೇಟೆಯಲ್ಲಿ ಬಸ್ಸು ಬದಲಿಸಬೇಕು. ಕಂಡಕ್ಟರು ನನ್ನ ಆಧಾರ್ ಕಾರ್ಡು ನೋಡಿ ಟಿಕೆಟ್ ಹರಿದುಕೊಟ್ಟು, ಮಡಿಲ ಕಡೆ ಕಣ್ಣು ಹಾಕಿದ. “ಏನಮ್ಮ ಅದು, ಮಗು ಥರ ತಬ್ಕಂಡಿದೀರಿ?” ಉತ್ತರ ಹೇಳಲು ನಾಚಿಕೆಯಾಗಿ ಕಿಟಕಿಯ ಕಡೆ ತಿರುಗಿದೆ.

ಲೇತ್ ಅಂಗಡಿಯವರು ಕಂಬಿಯನ್ನು ಸಮತಟ್ಟಾದ ದಪ್ಪ ಕಬ್ಬಿಣದ ಹಲಗೆಯ ಮೇಲೆ ಉರುಳಿಸಿದರು. ಬಾಗಿದ್ದರೆ ಕುಂಟುತ್ತದೆ. ಅದು ನೀರು ಹರಿದ ಹಾಗೆ ಉರುಳಿತು. ಕೆಳಗೆ ತೆಳು ಕಾಗದ ತೂರಿಸಲು ನೋಡಿದರು, ಹೋಗಲಿಲ್ಲ.

“ಕಂಬಿ ನೆಟ್ಟಗದೆ ಕಣಮ್ಮ. ಇದ್ರಲ್ಲೇನೂ ದೋಷ ಇಲ್ಲ. ಕ್ಲಾಂಪ್ ತಂದಿದೀರಾ?”

ಇಲ್ಲವೆಂದೆ.

“ಅಯ್ಯೋ, ಅದ್ನಲ್ವಾ ತರ್ಬೇಕಾಗಿದ್ದು. ನಾಳೆ ತನ್ನಿ, ನೋಡನ.”

ನಾಳೆ ಎಂದರೆ ಬುಧವಾರ. ಮೇಸ್ತ್ರಿ ಬೆಳಿಗ್ಗೆಯೇ ಬರುವವರು. ನಾನು ಕಂಬಿಯನ್ನು ಮತ್ತೆ ಟವೆಲಿನಲ್ಲಿ ಸುತ್ತಿದೆ.

ವಾಪಸ್ ಬರುವಾಗ ಡ್ರೈವರಿನ ಹಿಂದಿನ ಸೀಟು ಸಿಕ್ಕಿತು. ಬಸ್ಸಿಗೂ ಆಯುಧಪೂಜೆಯ ಗುರುತು ಇನ್ನೂ ಇತ್ತು. ಸ್ಟೇರಿಂಗಿನ ನಡುವೆ, ಬಾಗಿಲಿಗೆ, ಮುಂದಿನ ಗಾಜಿನ ಮೇಲಂಚಿಗೆ ಸಾಲಾಗಿ ಬೊಟ್ಟುಗಳು. ಸುಮ್ಮನೆ ನೋಡುತ್ತಾ ಕೂತಿದ್ದೆ. ತೆರಕಣಾಂಬಿ ದಾಟಿದ ಮೇಲೆ ಒಂದು ಹನಿ ಮಳೆ ಬಂತು, ಡ್ರೈವರು ವೈಪರ್ ಹಾಕಿದ. ಆಗ ಗಮನಿಸಿದೆ. ಗಾಜಿನ ಸುತ್ತಲೂ ಕುಂಕುಮವಿದೆ, ಅವನ ಕಣ್ಣೆದುರಿನ ಜಾಗದಲ್ಲಿ ಮಾತ್ರ ಒಂದು ಚುಕ್ಕೆಯೂ ಇಲ್ಲ. ಪೂಜೆ ಮಾಡಿದವನು ಭಕ್ತಿ ಕಡಿಮೆಯಾಗಿ ಬಿಟ್ಟದ್ದಲ್ಲ ಅದು. ಅಲ್ಲಿಟ್ಟರೆ ದಾರಿ ಕಾಣುವುದಿಲ್ಲ.

ತಾತನ ಜೇಬು ನೆನಪಾಯಿತು.

ಪ್ರತಿ ವರ್ಷ ಆಯುಧಪೂಜೆಯ ದಿನ ಅವರು ಮೆಷಿನ್ನು ತೊಳೆದು, ಕ್ಲಾಂಪನ್ನು ಮಾತ್ರ ಬಿಚ್ಚಿ ಅಂಗಿಯ ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಮಂಗಳಾರತಿ ಆಗುವವರೆಗೂ ಜೇಬು ಜೋತಾಡುತ್ತಿತ್ತು. ನಮ್ಮತ್ತೆ ಬದುಕಿದ್ದಾಗ ಬೈಯುತ್ತಿದ್ದರು, “ಪೂಜೆಗೆ ಇಡೋದ ಜೇಬಲ್ಲಿ ಮಡಿಕ್ಕಂಡು ತಿರುಗ್ತೀಯಲ್ಲಲಾ, ಇದೇನು ಬೀಡಿ ಕಟ್ಟಾ?” ಅವರು ನಗುತ್ತಿದ್ದರು, ಕಾರಣ ಹೇಳುತ್ತಿರಲಿಲ್ಲ. ಕಳೆದುಹೋದೀತು ಎಂದು ಜೋಪಾನ ಮಾಡುತ್ತಾರೆ ಎಂದುಕೊಂಡಿದ್ದೆ. ನಾನೂ ಕೇಳಲಿಲ್ಲ.

ಬೇಗೂರಿಗೆ ಇಳಿದಾಗ ಮಳೆ ಜೋರಾಗಿ ಕರೆಂಟು ಹೋಗಿತ್ತು. ಅಂಗಡಿ ತೆಗೆದು ಪ್ರಯೋಜನವಿರಲಿಲ್ಲ.

ಬುಧವಾರ ಬೆಳಗಾಗುತ್ತಲೇ ಅಂಗಡಿ ತೆಗೆದೆ. ಕಂಬಿಯನ್ನು ಅದರ ಜಾಗಕ್ಕೆ ಕೂರಿಸಿ, ಹೊಸ ಕಂಪನಿ ಉಳಿಯನ್ನು ಕ್ಲಾಂಪಿಗೆ ಹಾಕಿ, ಏಣಿಗೆ ಒತ್ತಿ ತಿರುಪು ಬಿಗಿದೆ. ಕಣ್ಣಿಗೆ ಎಲ್ಲ ಸರಿಯಾಗಿಯೇ ಇತ್ತು. ಹಿಂದಿನ ದಿನದ ಬಸ್ ಟಿಕೆಟ್ ಇನ್ನೂ ಸೊಂಟದ ಚೀಲದಲ್ಲಿತ್ತು. ಅದನ್ನು ಉಳಿಯ ಪಕ್ಕಕ್ಕೂ ಏಣಿಗೂ ನಡುವೆ ಇಳಿಸಲು ನೋಡಿದೆ. ಮುಂದೆ, ಬಾಯಿಯ ಕಡೆ, ಟಿಕೆಟ್ ಹೋಗಲಿಲ್ಲ. ಸ್ವಲ್ಪ ಹಿಂದಕ್ಕೆ ಸರಿಸಿದೆ, ಇಳಿಯಿತು. ಇನ್ನೂ ಹಿಂದಕ್ಕೆ, ಸಲೀಸಾಗಿ ಇಳಿಯಿತು. ಕಟ್ಟಕಡೆಯ ಹಿಂಬದಿ ಮೂಲೆಯಲ್ಲಿ ಏನೋ ತಡೆಯಿತು.

ಉಳಿ ಬಿಚ್ಚಿ ಕ್ಲಾಂಪನ್ನು ಬೆಳಕಿಗೆ ಹಿಡಿದೆ. ಮೇಲ್ಮೈಯಲ್ಲಿ ಕೆಂಪು ಬೊಟ್ಟು. ಏಣಿನ ಹಿಂಬದಿ ಮೂಲೆಯಲ್ಲಿ ಕೆಂಪೂ ಇಲ್ಲ, ಹಳದಿಯೂ ಇಲ್ಲ. ಕಬ್ಬಿಣದ್ದೇ ಬಣ್ಣ. ಆದರೆ ಬೆರಳ ಉಗುರು ಅಲ್ಲಿ ಜಾರದೆ ನಿಂತಿತು.

ಅಷ್ಟರಲ್ಲಿ ಮೇಸ್ತ್ರಿಯ ಬೈಕು ನಿಂತ ಸದ್ದು. ಉಳಿ ಹಿಡಿದು ಒಳಗೆ ಬಂದರು. ಅವರ ಹಿಂದೆಯೇ ಮೈದುನನೂ ಬಂದ. ಓರಗಿತ್ತಿ ಕಾಫಿ ತಂದಳು. ನಾನು ಸೀಮೆಎಣ್ಣೆಯ ಬಟ್ಟೆ ಮತ್ತು ಗೋಣಿ ಹೊಲಿಯುವ ದಬ್ಬಳ ಹಿಡಿದು ಕೂತಿದ್ದೆ.

“ಏನ್ ಮಾಡ್ತಿದೀರಿ ಅಕ್ಕ?”

“ಈ ಕುಂಕುಮ ತೆಗೀಬೇಕು.”

ಅವಳು ಲೋಟಗಳನ್ನು ಹಿಡಿದೇ ಹತ್ತಿರ ಬಂದಳು. “ಆಯುಧಪೂಜೆ ಕುಂಕುಮ ಕಣಕ್ಕ ಅದು! ಅದಾಗೇ ಉದ್ರೋಗ್ಬೇಕು, ನಾವಾಗೇ ಅಳಿಸ್ಬಾರ್ದು. ಅದ್ರಲ್ಲೂ...” ಅಲ್ಲಿಗೆ ನಿಲ್ಲಿಸಿದಳು. ಮುಂದಿನದನ್ನು ಯಾರೂ ಹೇಳಬೇಕಾಗಿರಲಿಲ್ಲ. ಆರೇಳು ತಿಂಗಳ ಹಿಂದೆ ನಮ್ಮ ಮನೆಯ ಅಂಗಳದಲ್ಲಿ ನನ್ನ ಹಣೆಯದನ್ನು ಒರೆಸಿದಾಗ ಅವಳೂ ಅಲ್ಲಿದ್ದಳು. ಅತ್ತಿದ್ದಳು.

ಮೈದುನ ತಗ್ಗಿದ ದನಿಯಲ್ಲಿ, “ಅತ್ಗೆ, ವಾಸಕಾಲು ಕೆಲ್ಸದ ಉಳಿ ಮುಂದೆ ಮಡಿಕ್ಕಂಡು ಇದೇನು? ಮೇಸ್ತ್ರಿ ಏನ್ ಅಂದ್ಕತ್ತರೆ?” ಎಂದ.

“ನಾನೇನೂ ಅಂದ್ಕಳಾಕಿಲ್ಲ ಕಣಪ್ಪ” ಎಂದರು ಮೇಸ್ತ್ರಿ, ನನ್ನ ಕಡೆ ನೋಡದೆ. “ಮನೆ ಯಜಮಾನ್ರ ಕಿವಿಗೆ ಬಿದ್ರೆ ಅವ್ರು ಅಂದ್ಕತ್ತರೆ. ಬಾಗ್ಲ ಕೆಲ್ಸ ನೋಡು.”

ಓರಗಿತ್ತಿ ಕಾಫಿ ಕೆಳಗಿಟ್ಟು ಕೈ ಚಾಚಿದಳು. “ಕೊಡಿ ಅಕ್ಕ, ತೆಗೀಲೇಬೇಕು ಅಂದ್ರೆ ನಾನೇ ಒರುಸ್ತೀನಿ. ನೀವು ಮುಟ್ಬ್ಯಾಡಿ.”

ಮಕ್ಕಳೇ, ಆ ಕೈಗೆ ಕೊಟ್ಟುಬಿಡುವುದು ಸುಲಭವಿತ್ತು. ಕ್ಲಾಂಪು ಅರ್ಧ ಮುಂದಕ್ಕೆ ಹೋಗಿಯೂ ಇತ್ತು. ಆದರೆ ಅವಳು ಮೇಲಿನ ಕೆಂಪನ್ನು ಒರೆಸಿ ನಿಲ್ಲಿಸುತ್ತಾಳೆ. ಕೇಡು ಇದ್ದದ್ದು ಒಳಮೂಲೆಯಲ್ಲಿ, ಕಬ್ಬಿಣಕ್ಕೆ ಗೀರು ಬೀಳದ ಹಾಗೆ ತೆಗೆಯಬೇಕಾದ ಜಾಗದಲ್ಲಿ. ಅದಕ್ಕಿಂತ ಹೆಚ್ಚಾಗಿ, ಅವತ್ತು ಕೊಟ್ಟಿದ್ದರೆ ಈ ಮೆಷಿನ್ನಿನಲ್ಲಿ ನಾನು ಮುಟ್ಟಬಾರದ ಭಾಗವೊಂದಿದೆ ಎಂದು ನಾನೇ ಒಪ್ಪಿಕೊಂಡ ಹಾಗಾಗುತ್ತಿತ್ತು. ಹಾಗೆ ಒಪ್ಪಿಕೊಂಡವಳು ಗುರುವಾರ ಬರುವವರಿಗೆ ಮಾರುವುದಿಲ್ಲವೆಂದು ಯಾವ ಬಾಯಲ್ಲಿ ಹೇಳಬೇಕು?

ಕ್ಲಾಂಪನ್ನು ಹಿಂದಕ್ಕೆ ತೆಗೆದುಕೊಂಡೆ.

“ಮೇಸ್ತ್ರಣ್ಣ,” ಎಂದೆ. “ಓರೆ ಉಳೀಲಿ ಕಡಿದ ವಾಸಕಾಲ್ಗೆ ಎಷ್ಟು ಕುಂಕುಮ ಇಟ್ರೂ ಬಾಗ್ಲು ಕೂರಾಕಿಲ್ಲ. ಬ್ಯಾಡ ಅನ್ನೋದಾದ್ರೆ ಈಗ್ಲೇ ಉಳಿ ತಗಂಡೋಗಿ. ನಿಮ್ಮ ಮುಂದ್ಲೇ ತೆಗೀತೀನಿ, ನಿಮ್ಗೆ ಗೊತ್ತಿಲ್ದಂಗೆ ಮಾಡಾಕಿಲ್ಲ.”

ಅಷ್ಟು ಉದ್ದದ ಮಾತನ್ನು ನಾನು ಗಂಡಸರ ಮುಂದೆ ಅದಕ್ಕೆ ಮೊದಲು ಆಡಿದ ನೆನಪಿಲ್ಲ.

ಮೇಸ್ತ್ರಿ ತಾತನ ಕುರ್ಚಿಯನ್ನು ನೋಡಿದರು. ಆಮೇಲೆ ಉಳಿಯನ್ನು ಕಟ್ಟೆಯ ಮೇಲಿಟ್ಟು, ಬೆಂಚಿನ ಮೇಲೆ ಕೂತರು. “ತೆಗಿ” ಎಂದರು.

ಸೀಮೆಎಣ್ಣೆ ಹಚ್ಚಿ ಸ್ವಲ್ಪ ಹೊತ್ತು ಬಿಟ್ಟೆ. ಮೇಲಿನ ಬೊಟ್ಟು ಬಟ್ಟೆಗೆ ಸುಲಭವಾಗಿ ಬಂತು. ಬಟ್ಟೆ ಕೆಂಪಾಯಿತು. ಓರಗಿತ್ತಿ ಮುಖ ತಿರುಗಿಸಿಕೊಂಡಳು. ಆಮೇಲೆ ದಬ್ಬಳದ ತುದಿಯನ್ನು ಏಣಿನ ಮೂಲೆಗಿಟ್ಟು ಮೆಲ್ಲಗೆ ಎಳೆದೆ. ಮೊದಲು ಬರಲಿಲ್ಲ. ಗಾರೆಯ ಹಾಗೆ ಕಚ್ಚಿಕೊಂಡಿತ್ತು. ಎರಡನೇ ಸಲ ಎಳೆದಾಗ ಬೂದು ಬಣ್ಣದ ಒಂದು ಸಣ್ಣ ಚೂರು, ಸಾಸಿವೆಯ ಅರ್ಧದಷ್ಟು, ಎದ್ದು ಅಂಗೈಗೆ ಬಿತ್ತು.

“ಇಷ್ಟೇಯಾ?” ಎಂದ ಮೈದುನ. “ಕಲ್ಲಿನ ಪುಡಿ ಅಲ್ವಾ ಅದು?”

ಹೆಬ್ಬೆರಳಿನಿಂದ ಅದನ್ನು ಅಂಗೈಯಲ್ಲಿ ಉಜ್ಜಿದೆ. ಬೂದು ಪುಡಿಯಾಗಿ, ಒಳಗಿನಿಂದ ಹಳದಿ ಬಣ್ಣ ಬಿಟ್ಟಿತು. ನಮ್ಮ ಹೊಲದ ಅರಿಶಿನದ ಬಣ್ಣ. ಹರಳೆಣ್ಣೆಯಲ್ಲಿ ಕಲಸಿದ್ದರಿಂದ ನೀರಿಗೆ ಕರಗದೆ, ಸಾಣೆಯ ಕೆಸರನ್ನು ಹೀರಿ ಹೀರಿ ಕಲ್ಲಾಗಿತ್ತು.

ಓರಗಿತ್ತಿ ಬಗ್ಗಿ ನೋಡಿದಳು. ಕೈ ಬಾಯಿಗೆ ಹೋಯಿತು. “ಅಯ್ಯೋ ಅಕ್ಕ, ನಾನಿಟ್ಟಿದ್ದೇಯಾ?”

“ನೀನು ಮೇಲೆ ಇಟ್ಟೆ ಕಣಮ್ಮಿ. ಅದು ಒಳಕ್ಕೆ ಇಳ್ಕತು” ಎಂದೆ.

ಅದರಿಂದಲೇ ಓರೆ ಬರುತ್ತಿತ್ತೆಂದು ಇನ್ನೂ ಖಾತ್ರಿಯಾಗಿರಲಿಲ್ಲ. ಮೊದಲು ನನ್ನ ಹೊಸ ಉಳಿಯನ್ನೇ ಹಾಕಿದೆ. ಬಸ್ ಟಿಕೆಟ್ ಏಣಿನ ಉದ್ದಕ್ಕೂ ಎಲ್ಲಿಯೂ ಇಳಿಯಲಿಲ್ಲ. ಹಿಡಿದು ತೆಗೆದು ಮೂಲೆಮಟ್ಟ ಇಟ್ಟೆ. ಬೆಳಕಿಲ್ಲ. ಮೇಸ್ತ್ರಿಗೆ ತೋರಿಸಲಿಲ್ಲ. ಅವರ ಉಳಿಗೆ ಕೈ ಹಾಕಿದೆ.

ಅದರ ಕಷ್ಟವೇ ಬೇರೆ. ಬಲಮೂಲೆ ಚಾಚಿತ್ತು, ಅದನ್ನು ಎಡಮೂಲೆಯ ಮಟ್ಟಕ್ಕೆ ಇಳಿಸಬೇಕು. ಎಡಮೂಲೆಯಲ್ಲಿ ಉಕ್ಕು ಉಗುರಂಚಿನಷ್ಟು. ಕಲ್ಲು ಎಡಮೂಲೆಗೆ ತಾಗಿದ ಕ್ಷಣವೇ ನಿಲ್ಲಬೇಕು. ಅದರಾಚೆ ಹೋದರೆ ಮೇಸ್ತ್ರಿಯ ತಂದೆಯ ಉಳಿ ಮುಗಿಯಿತು. ಇಳಿಜಾರಿಗೆ ಪೂರ್ತಿ ಕಪ್ಪು ಸ್ಕೆಚ್ ಪೆನ್ನು ಬಳಿದೆ. ಕಲ್ಲು ತಾಗಿದ ಕಡೆ ಕಪ್ಪು ಅಳಿಯುತ್ತದೆ, ತಾಗದ ಕಡೆ ಉಳಿಯುತ್ತದೆ. ಕೈಯ ಭಾರ ಬಿಟ್ಟು, ಉಳಿಯ ಭಾರಕ್ಕೇ ಬಿಟ್ಟು ಜಾರಿಸಿದೆ. ಬಲಮೂಲೆಯಲ್ಲಿ ಮಾತ್ರ ಬಿಳಿ ಕಂಡಿತು. ನಿಲ್ಲಿಸಿ ನೋಡಿದೆ. ಮತ್ತೆ ಜಾರಿಸಿದೆ. ಬಿಳಿ ನಡುವಿಗೆ ಬಂತು. ಹೊರಗೆ ಲಾರಿಗಳು ಹೋಗುತ್ತಿದ್ದವು, ತೊಟ್ಟಿಯಲ್ಲಿ ನೀರು ಸದ್ದು ಮಾಡುತ್ತಿತ್ತು. ಮತ್ತೆ ಬಳಿದೆ, ಮತ್ತೆ ಜಾರಿಸಿದೆ. ಎಡಮೂಲೆಯಲ್ಲಿ ಎಳ್ಳಿನಷ್ಟು ಕಪ್ಪು ಉಳಿದಿತ್ತು. ಇನ್ನೊಂದು ಸಲ ಎಂದು ಕೈ ಹೋಯಿತು. ತಡೆದುಕೊಂಡೆ. ಮೋಟರು ಆರಿಸಿ, ಚಕ್ರವನ್ನು ಕೈಯಿಂದಲೇ ಒಂದು ಸುತ್ತು ತಿರುಗಿಸಿದೆ. ಆ ಎಳ್ಳು ಅಳಿಯಿತು. ಅಲ್ಲಿಗೆ ನಿಂತೆ.

ಸಾಣೆಯಿಂದ ಎದ್ದು ಹಿಂಬದಿಗೆ ಮಡಚಿಕೊಂಡಿದ್ದ ಉಕ್ಕಿನ ಸಣ್ಣ ಮುಳ್ಳನ್ನು ನಯಗಲ್ಲಿನ ಮೇಲೆ ತೆಗೆದು, ಒರೆಸಿ, ಉಳಿಯನ್ನು ಕಟ್ಟೆಯ ಮೇಲಿಟ್ಟೆ. ಕೈಗೆ ಕೊಡಲು ಧೈರ್ಯವಾಗಲಿಲ್ಲ.

ಮೇಸ್ತ್ರಿ ನನ್ನ ಮೂಲೆಮಟ್ಟ ಮುಟ್ಟಲಿಲ್ಲ. ತಮ್ಮ ಚೀಲದಿಂದ ತಮ್ಮದನ್ನು ತೆಗೆದು, ಬಾಗಿಲಿಗೆ ಹೋಗಿ, ಹೆದ್ದಾರಿಯ ಕಡೆಯ ಬೆಳಕಿಗೆ ಹಿಡಿದರು. ಬಲಪಕ್ಕಕ್ಕೆ ಇಟ್ಟು ನೋಡಿದರು. ಮಗುಚಿ ಎಡಪಕ್ಕಕ್ಕೆ ಇಟ್ಟು ನೋಡಿದರು. ಒಂದು ಕಣ್ಣು ಮುಚ್ಚಿ ಮತ್ತೆ ನೋಡಿದರು. ಕೊನೆಗೆ ತಿರುಗಿ ಹೇಳಿದರು:

“ನಂಜನಗೂಡೂ ನೋಡ್ತಿಲ್ಲ, ಗುಂಡ್ಲುಪೇಟೆನೂ ನೋಡ್ತಿಲ್ಲ ಕಣವ್ವ. ನೆಟ್ಟಗೆ ನನ್ನೇ ನೋಡ್ತಾ ಅದೆ.”

ಉಳಿಯನ್ನು ಬಟ್ಟೆಯಲ್ಲಿ ಸುತ್ತಿ, ಚೀಲದಿಂದ ಎರಡು ತೋಪಡದ ಬ್ಲೇಡುಗಳನ್ನೂ ಇನ್ನೊಂದು ಉಳಿಯನ್ನೂ ತೆಗೆದು ಕಟ್ಟೆಯ ಮೇಲಿಟ್ಟರು. “ಇವ್ನೂ ಮಾಡಿಕ್ಕು. ನಾನಿಲ್ಲೇ ಕೂತಿರ್ತೀನಿ” ಎಂದು ತಾತನ ಕುರ್ಚಿ ಎಳೆದುಕೊಂಡು ಕೂತು, ತಣ್ಣಗಾಗಿದ್ದ ಕಾಫಿ ಕುಡಿದರು.

ಮೈದುನ ಹೊರಗೆ ಹೋಗಿ ಫೋನಿನಲ್ಲಿ ಮಾತಾಡುತ್ತಿದ್ದದ್ದು ಕೇಳಿಸಿತು. “ಇಲ್ಲ ಕಣಣ್ಣ, ನಾಳೆ ಬರ್ಬ್ಯಾಡಿ. ಮಾರಾಕಿಲ್ಲ... ಏನೂ ಕೆಟ್ಟಿಲ್ಲ, ಅದ್ಕೇ ಮಾರಾಕಿಲ್ಲ.”

ಓರಗಿತ್ತಿ ಕುಂಕುಮದ ಬಟ್ಟಲು ತಂದು ನನ್ನ ಪಕ್ಕ ನಿಂತಿದ್ದಳು. ಬರಿದಾದ ಕ್ಲಾಂಪನ್ನು ನೋಡಿ ಅವಳ ಮನಸ್ಸು ತಡೆಯಲಿಲ್ಲ. “ಒಂದಾದ್ರೂ ಇಡ್ಲಾ ಅಕ್ಕ?” ಎಂದಳು. ನಾನು ಅವಳ ಬೆರಳು ಹಿಡಿದು ಮೋಟರಿನ ಹೊರ ಮುಚ್ಚಳದ ಮೇಲೆ ಜಾಗ ತೋರಿಸಿದೆ. ಈ ಸಲ ನೀರಿನಲ್ಲೇ ಕಲಸಿ ಇಟ್ಟಳು.

ಅಂದಿನಿಂದ ಆಯುಧಪೂಜೆಗೆ ನಾನು ಅಂಗಡಿಯ ಹೊರಗೆ ನಿಲ್ಲುವುದಿಲ್ಲ. ಒಳಗೆ, ಮೆಷಿನ್ನಿನ ಪಕ್ಕದಲ್ಲೇ ನಿಲ್ಲುತ್ತೇನೆ. ಕ್ಲಾಂಪು ನನ್ನ ಸೆರಗಿನ ಗಂಟಿನಲ್ಲಿರುತ್ತದೆ. ತಾತ ನನಗೆ ಕಾರಣ ಹೇಳದೆ ಹೋದರು. ನಾನು ಬರೆದಿಟ್ಟು ಹೋಗಬೇಕೆಂದು ಇಷ್ಟೆಲ್ಲ ಬರೆದೆ.

ಈ ಹಾಳೆಗಳನ್ನು ಮೂಲೆಮಟ್ಟವಿರುವ ತಗಡಿನ ಡಬ್ಬದಲ್ಲಿ ಇಟ್ಟಿದ್ದೇನೆ. ನೀರು ಚಿಮ್ಮದ ಕಡೆ, ಮೇಲಿನ ಗೂಡಿನಲ್ಲಿದೆ. ನೀವಿಬ್ಬರೂ ಸೇರಿ ಜೋಪಾನ ಮಾಡಿಕೊಳ್ಳಿ. ಹಬ್ಬದ ದಿನ ಇದಕ್ಕೂ ಒಂದು ಬೊಟ್ಟು ಇಡಬೇಕು ಅನ್ನಿಸಿದರೆ ಡಬ್ಬದ ಮುಚ್ಚಳದ ಮೇಲೆ ಇಡಿ. ಅಕ್ಷರದ ಮೇಲೆ ಬೇಡ.